ತಡಕೋ ಕೋಣೆ

ನಮ್ಮೂರಿನ ಮರದ ಮಿಲ್ಲು ಮುಚ್ಚಿ ಇಪ್ಪತ್ತಾರು ವರ್ಷವಾದ ಮೇಲೆ ಅದನ್ನು ಮ್ಯೂಸಿಯಂ ಮಾಡಿದರು. ಮೊದಲೆಲ್ಲ ಅದರೊಳಗೆ ಹೋಗಬೇಕಾದರೆ ಮೈಮುರಿದು ದುಡಿಯಬೇಕಿತ್ತು. ಈಗ ಟಿಕೆಟ್ ತೆಗೆದುಕೊಂಡರೆ ಸಾಕು. ಆ ಟಿಕೆಟ್ ಹರಿದು ಕೊಡುವ ಕೆಲಸ ನನಗೆ ಸಿಕ್ಕಿತು.

ನಾನು ಹಿಗ್ಗಿದ್ದು ಅಷ್ಟಿಷ್ಟಲ್ಲ. ನಾವು ಹೊಟ್ಟಿನ ಸಾಲಿನವರು. ಮಿಲ್ಲಿನ ಹಿಂದೆ ಗರಗಸದ ಹೊಟ್ಟು ಸುರಿದು ಸುರಿದು ನೆಲ ಮೆತ್ತಗಾದ ಜಾಗದಲ್ಲಿ ಎರಡು ಸಾಲು ಮನೆಗಳಿವೆ. ಅದೇ ಹೊಟ್ಟಿನ ಸಾಲು. ಊರಿನವರು ನಮ್ಮನ್ನು ಹೊಟ್ಟಿನೋರು ಅನ್ನುತ್ತಾರೆ. ಬಾಡಿಗೆಗೆ ಮನೆ ಕೇಳಿದರೆ, ಅಂಗಡಿಯಲ್ಲಿ ಕೆಲಸ ಕೇಳಿದರೆ, ಎಲ್ಲಿಯವರು ಅಂತ ವಿಚಾರಿಸುತ್ತಾರೆ. ಹೇಳಿದ ತಕ್ಷಣ ಅವರಿಗೆ ಬೇರೆ ಏನೋ ಅರ್ಜೆಂಟ್ ಕೆಲಸ ನೆನಪಾಗುತ್ತದೆ. ನಲವತ್ತನಾಲ್ಕನೇ ವಯಸ್ಸಿನವರೆಗೆ ನಾನು ಕಂಡವರ ಪಾತ್ರೆ ತಿಕ್ಕಿದ್ದೆ, ಆಸ್ಪತ್ರೆಯ ನೆಲ ಒರೆಸಿದ್ದೆ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಇದೇ ಮೊದಲು. ಬೆಳಗ್ಗೆ ಇಡೀ ಮ್ಯೂಸಿಯಂ ಗುಡಿಸಿ, ಗಾಜಿನ ಪೆಟ್ಟಿಗೆಗಳನ್ನು ಒರೆಸುವುದೂ ನನ್ನ ತಲೆಗೇ ಬಿದ್ದಿತ್ತು ಅನ್ನಿ. ಆದರೆ ಹತ್ತು ಗಂಟೆಯಾದ ಮೇಲೆ ಕುರ್ಚಿ.

ನಾನು ಕೂರುತ್ತಿದ್ದದ್ದು ಗೇಟಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ಅದಕ್ಕೆ ಎರಡು ಬಾಗಿಲು. ಒಂದು ರಸ್ತೆಗೆ, ಒಂದು ಮಿಲ್ಲಿನ ಅಂಗಳಕ್ಕೆ. ಗೋಡೆಗೆ ತಿಳಿಹಳದಿ ಬಣ್ಣ. ಕಿಟಕಿಯಲ್ಲಿ ಎರಡು ಹೂಕುಂಡ. ತಲೆಯ ಮೇಲೆ ಫ್ಯಾನು.

ಮ್ಯೂಸಿಯಂ ಕಟ್ಟಿದವರು ನಿವೃತ್ತ ಇತಿಹಾಸದ ಮೇಷ್ಟ್ರು. ನಾಲ್ಕು ವರ್ಷ ಊರೆಲ್ಲ ಅಲೆದು ತುಕ್ಕು ಹಿಡಿದ ಸರಪಳಿ, ಕೊಡಲಿ, ಹಾಜರಿ ಪುಸ್ತಕ, ಸೈರನ್ನು, ಮಾಲೀಕರ ಮೇಜು ಎಲ್ಲ ಕೂಡಿಹಾಕಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಹಗುರವಾಗಬಹುದಿತ್ತು. ಒಂದು ಗೋಡೆಯ ತುಂಬ ಮಾಲೀಕರ ಮೂರು ತಲೆಮಾರಿನ ಫೋಟೋ. ಅವರು ಕೂತಿದ್ದು, ನಿಂತಿದ್ದು, ಕುದುರೆ ಏರಿದ್ದು. ಇನ್ನೊಂದು ಗೋಡೆಯಲ್ಲಿ ದಿಮ್ಮಿಗಳ ತೊಗಟೆ ಸುಲಿಯುವ ಹೆಂಗಸರ ಒಂದೇ ಒಂದು ಫೋಟೋ. ಬಿಸಿಲಿಗೆ ಎಲ್ಲರ ಮುಖವೂ ಕಿವುಚಿಕೊಂಡಿದೆ. ಕೆಳಗೆ ಬರೆದಿದೆ: ಸಂತೋಷದಿಂದ ದುಡಿಯುತ್ತಿರುವ ಮಹಿಳೆಯರು.

ನಮ್ಮ ಅವ್ವ ಆ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ತೊಗಟೆ ಸುಲಿದವಳು. ಈಗ ಎಪ್ಪತ್ತೆರಡು. ಕಣ್ಣಿಗೆ ಪೊರೆ ಬಂದಿದೆ, ಬೆರಳುಗಳು ಪೂರ್ತಿ ಮಡಚುವುದಿಲ್ಲ, ನಾಲಿಗೆ ಮಾತ್ರ ಹೊಸದರಂತಿದೆ. ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದರೂ ಅವಳು ಆ ಕಡೆ ತಲೆ ಹಾಕಿರಲಿಲ್ಲ. ಕರೆದರೆ ಮಂಡಿ ನೋವು ಅನ್ನುತ್ತಿದ್ದಳು. ಮೊದಲ ದಿನ ನಾನು ಮನೆಗೆ ಬಂದವಳೇ ಗೇಟಿನ ಕೋಣೆ ನನ್ನದು ಅಂತ ಹೇಳಿದಾಗ, ಉಣ್ಣುತ್ತಿದ್ದ ಅವ್ವ ಕೈ ನಿಲ್ಲಿಸಿ, ಅಲ್ಲಿ ಗಾಳಿ ಬರುತ್ತಾ ಅಂತ ಕೇಳಿದ್ದಳು. ಫ್ಯಾನಿದೆ ಅಂದೆ. ಮುದುಕಿಗೆ ಮಗಳ ಮೇಲೆ ಎಷ್ಟು ಕಾಳಜಿ ಅಂದುಕೊಂಡೆ.

ಅಷ್ಟರಲ್ಲಿ ಅಧಿಕೃತ ಉದ್ಘಾಟನೆ ಗೊತ್ತಾಯಿತು. ಮಾಲೀಕರ ಮೊಮ್ಮಗ ಬರುವವರಿದ್ದರು. ಸೋರುತ್ತಿದ್ದ ಮ್ಯೂಸಿಯಮ್ಮಿಗೆ ಹೊಸ ಮಾಡು ಹಾಕಿಸಿಕೊಟ್ಟವರು ಅವರೇ. ಮಿಲ್ಲಿನಲ್ಲಿ ದುಡಿದು ಇನ್ನೂ ಬದುಕಿರುವ ಹೆಂಗಸರಿಗೆ ಅಂದು ಸನ್ಮಾನ ಅಂತ ಮ್ಯೂಸಿಯಮ್ಮಿನ ಸಮಿತಿ ತೀರ್ಮಾನಿಸಿತು. ಹುಡುಕಿದರೆ ಹನ್ನೊಂದು ಜನ ಸಿಕ್ಕರು. ಎಲ್ಲರೂ ನಮ್ಮ ಸಾಲಿನವರೇ. ಸನ್ಮಾನ ಅಂದರೆ ಮ್ಯೂಸಿಯಮ್ಮಿನ ಚಿತ್ರವಿರುವ ಒಂದೊಂದು ಚಹಾ ಕಪ್ಪು. ವೇದಿಕೆ ಹತ್ತುವುದು ಇಳಿಯುವುದು ಅಭ್ಯಾಸವಾಗಲಿ ಅಂತ ಮೇಷ್ಟ್ರು ಹಿಂದಿನ ದಿನ ಬೆಳಗ್ಗೆಯೇ ಅವರನ್ನೆಲ್ಲ ಕರೆತರಲು ಹೇಳಿದರು. ಹತ್ತು ಜನ ಹೊರಟ ಮೇಲೆ ಅವ್ವನಿಗೂ ಮಂಡಿ ನೋವು ಹೇಳಲಾಗಲಿಲ್ಲ.

ಬಂದವರೇ ಮಿಲ್ಲಿನ ತುಂಬ ಗಲಗಲ ಮಾಡಿಬಿಟ್ಟರು. ಅವ್ವನ ತಂಗಿ, ನನ್ನ ಚಿಕ್ಕಮ್ಮನಿಗೆ ಗರಗಸ ಅಂತಲೇ ಅಡ್ಡಹೆಸರು. ಯಂತ್ರದ ಸದ್ದಿನ ನಡುವೆಯೂ ಅವಳು ಕೂಗಿದರೆ ಅಂಗಳದ ಆ ತುದಿಗೆ ಕೇಳುತ್ತಿತ್ತಂತೆ. ಅವಳು ದೊಡ್ಡ ಗರಗಸದ ಹಲ್ಲುಗಳನ್ನು ಸವರಿ, ನನ್ನ ಹಲ್ಲೆಲ್ಲ ಉದುರಿದವು, ಇವಳದ್ದು ನೋಡು ಇನ್ನೂ ಗಟ್ಟಿ ಅಂತ ಹೊಟ್ಟೆಕಿಚ್ಚು ಪಟ್ಟಳು. ಯಾರ ಬೆರಳು ಎಲ್ಲಿ ಹೋಯಿತು, ಯಾವ ಮೂಲೆಯಲ್ಲಿ ಯಾರು ಕದ್ದು ನಿದ್ದೆ ಮಾಡುತ್ತಿದ್ದರು, ಎಲ್ಲ ಹೊರಬಂತು. ಮೇಷ್ಟ್ರು ಬರೆದುಕೊಳ್ಳಲು ಪೆನ್ನು ಹುಡುಕುವಷ್ಟರಲ್ಲಿ ಅವರು ಮುಂದಿನ ಯಂತ್ರಕ್ಕೆ ಹೋಗಿರುತ್ತಿದ್ದರು.

ಬಾಗಿಲ ಹತ್ತಿರದ ಗಾಜಿನ ಪೆಟ್ಟಿಗೆಯ ಮುಂದೆ ಮಾತು ನಿಂತಿತು.

ಒಳಗೆ ಒಂದು ಬೆತ್ತ. ಹಿಂದೆ ದಪ್ಪ ಮೀಸೆಯವನ ಫೋಟೋ. ಅವ್ವ ನನ್ನನ್ನು ಕರೆದು ಏನು ಬರೆದಿದೆ ಓದು ಅಂದಳು. ಓದಿದೆ. ನಿಷ್ಠಾವಂತ ಕಾವಲುಗಾರರ ಬೆತ್ತ, ಮೂವತ್ತೊಂದು ವರ್ಷಗಳ ಪ್ರಾಮಾಣಿಕ ಸೇವೆಯ ಕುರುಹು.

"ಅದಕ್ಕೆ ಆರು ಗಂಟು ಇರ್ಬೇಕು. ಎಣಿಸು."

ಎಣಿಸಿದೆ. ಆರೇ ಇದ್ದವು. ಪೊರೆ ಬಂದ ಕಣ್ಣಿಗೆ ಅದು ಹೇಗೆ ಕಂಡಿತು ಅಂತ ಕೇಳಿದೆ. ಅವ್ವ ಕಣ್ಣು ಮುಟ್ಟಿಕೊಳ್ಳಲಿಲ್ಲ. ಸೊಂಟ ಮುಟ್ಟಿಕೊಂಡಳು.

ಆಮೇಲೆ ಹನ್ನೊಂದೂ ಜನ ನನ್ನ ಟಿಕೆಟ್ ಕೋಣೆಗೆ ಬಂದರು. ಮಿಲ್ಲಿನ ದಿನಗಳಲ್ಲಿ ಆ ಕೋಣೆಗೆ ಅವರಿಟ್ಟ ಹೆಸರು ತಡಕೋ ಕೋಣೆ. ಸಣ್ಣವಳಿದ್ದಾಗ ನಾನು ಸಂಜೆ ಅವ್ವನಿಗಾಗಿ ರಸ್ತೆಯ ಆಚೆ ಕಾಯುತ್ತಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಆ ಬಾಗಿಲಿನಿಂದ ಹೊರಬರುವುದು ಕಾಣುತ್ತಿತ್ತು. ತಲೆ ತಗ್ಗಿಸಿ ಬರುತ್ತಿದ್ದರು. ದಣಿವು ಅಂದುಕೊಂಡಿದ್ದೆ.

ಅವ್ವ ಹೇಳಿದ್ದು ಇಷ್ಟು. ಸಂಜೆ ಸೈರನ್ ಆಗುತ್ತಿತ್ತು. ಇನ್ನೂರು ಹೆಂಗಸರ ಸಾಲು. ಗಂಡಸರಿಗೆ ಬೇರೆ ಗೇಟು, ಅವರ ಊಟದ ಡಬ್ಬಿ ಅಲ್ಲಾಡಿಸಿ ನೋಡಿ ಬಿಡುತ್ತಿದ್ದರು. ಹೆಂಗಸರು ಈ ಕೋಣೆಗೆ ಬರಬೇಕು. ಕೈ ಮೇಲೆ ಎತ್ತಬೇಕು. ಬಟ್ಟೆ ಕೊಡವಬೇಕು. ಚಪ್ಪಲಿ ಕಳಚಬೇಕು. ಬಾಯಿ ತೆರೆಯಬೇಕು. ಬೆತ್ತ ಕಂಕುಳಿಗೆ ಹೋಗುತ್ತಿತ್ತು, ಎದೆಗೆ ಬರುತ್ತಿತ್ತು, ಸೊಂಟದ ಸುತ್ತ ತಿರುಗುತ್ತಿತ್ತು. ತಿಂಗಳ ದಿನಗಳಲ್ಲಿ ಒಳಗಿನ ಬಟ್ಟೆ ಏನದು ಅಂತ ಬೆತ್ತದ ತುದಿಯೇ ಕೇಳುತ್ತಿತ್ತು. ಬಾಯಿಬಿಟ್ಟು ಹೇಳುವವರೆಗೆ ಬಿಡುತ್ತಿರಲಿಲ್ಲ. ಇದೆಲ್ಲ ಮರದ ಚಕ್ಕೆಗಾಗಿ. ಒಲೆಗೆ ಹಾಕಲು ಹೆಂಗಸರು ಒಂದು ಹಿಡಿ ಚಕ್ಕೆ ಒಯ್ದಾರು ಅಂತ. ಅದೇ ಚಕ್ಕೆಯನ್ನು ಮಿಲ್ಲಿನವರು ಪ್ರತಿ ಭಾನುವಾರ ಹಿಂದಿನ ಗುಂಡಿಗೆ ಸುರಿದು ಸುಡುತ್ತಿದ್ದರು. ಹೊಗೆ ಮಾತ್ರ ನಮ್ಮ ಮನೆಗಳಿಗೆ ಪುಕ್ಕಟೆ ಬರುತ್ತಿತ್ತು.

"ಬಾಯಿ ಯಾಕೆ ತೆಗೆಸ್ತಿದ್ನೋ ಇವತ್ತಿಗೂ ಗೊತ್ತಿಲ್ಲ. ಬಾಯಲ್ಲಿ ದಿಮ್ಮಿ ಇಟ್ಕೊಂಡು ಹೋಗ್ತೀವಿ ಅಂದ್ಕೊಂಡಿದ್ದಾ ಏನೋ," ಅಂದಳು ಗರಗಸ ಚಿಕ್ಕಮ್ಮ. ಹೆಂಗಸರು ನಕ್ಕರು. ಅವ್ವನೂ ನಕ್ಕಳು. ನಗುತ್ತಲೇ ಉಳಿದದ್ದನ್ನೂ ಹೇಳಿದಳು.

ಅವಳಿಗೆ ಆಗ ಏಳು ತಿಂಗಳು. ಹೊಟ್ಟೆ ಮುಂದೆ ಬಂದಿತ್ತು. ಮೀಸೆಯವನು ಬೆತ್ತದಿಂದ ಹೊಟ್ಟೆ ತಟ್ಟಿ, ಯಾವ ಹಲಗೆ ಸಾಗಿಸ್ತಿದ್ದೀಯ ಅಂದ. ಅಂದು ರಸ್ತೆ ಕಡೆಯ ಬಾಗಿಲು ತೆರೆದೇ ಇತ್ತು. ಆಚೆ ಗಂಡಸರು ನಿಂತಿದ್ದರು. ಬಟ್ಟೆ ಸರಿಸಿ ತೋರಿಸು ಅಂದ. ಅವ್ವ ತೋರಿಸಿದಳು. ತೋರಿಸದಿದ್ದರೆ ಮರುದಿನ ಕೆಲಸವಿಲ್ಲ. ಅವನು ಬೆತ್ತದ ತುದಿಯನ್ನು ಬರಿಹೊಟ್ಟೆಗೆ ಒತ್ತಿ, ಹಲಗೆಯಲ್ಲ, ದಿಮ್ಮಿ ಅಂದ. ಆಚೆ ಇದ್ದವರು ಬಿದ್ದು ಬಿದ್ದು ನಕ್ಕರು.

ಆ ಹೊಟ್ಟೆಯಲ್ಲಿ ಇದ್ದವಳು ನಾನು. ಅಂದರೆ ಹುಟ್ಟುವ ಮೊದಲೇ ನನ್ನ ತಪಾಸಣೆ ಆಗಿತ್ತು. ನಾನು ಕೂತಿದ್ದ ಕುರ್ಚಿಯಿಂದ ಎದ್ದು ನಿಂತೆ. ಹಳದಿ ಗೋಡೆ ನೋಡಿದೆ. ಹೂಕುಂಡ ನೋಡಿದೆ. ನಾಲ್ಕು ತಿಂಗಳು ಇದೇ ಜಾಗದಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ್ದೆ, ಹಾಡು ಗುನುಗಿದ್ದೆ.

ನಾವೆಲ್ಲ ಮೇಷ್ಟ್ರ ಹತ್ತಿರ ಹೋದೆವು. ಈ ಕೋಣೆ ಏನಾಗಿತ್ತು ಅಂತ ಒಂದು ಬೋರ್ಡು ಹಾಕಿ, ಬೆತ್ತದ ಕೆಳಗಿನ ಬರಹ ಬದಲಾಯಿಸಿ ಅಂತ ಕೇಳಿದೆವು. ಮೇಷ್ಟ್ರ ಮುಖ ಸಣ್ಣದಾಯಿತು. ಮಕ್ಕಳು ಮರಿ ಬರುವ ಜಾಗ ಅಂದರು. ಮಾಡು ಹಾಕಿಸಿದವರ ಮನಸ್ಸು ನೋಯಬಾರದು ಅಂದರು. ಇತಿಹಾಸದಲ್ಲಿ ಸಿಹಿಯೂ ಇರುತ್ತದೆ ಕಹಿಯೂ ಇರುತ್ತದೆ ಅಂದರು. ಹಾಗಾದರೆ ಸಿಹಿ ಎಲ್ಲ ಒಳಗೆ, ಕಹಿ ಎಲ್ಲ ನಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಕೋ ಅಂತ ಚಿಕ್ಕಮ್ಮ ಕೇಳಿದಳು. ಕೊನೆಗೆ ಅವರು ಒಂದು ಉಪಾಯ ಹೇಳಿದರು. ಬಾಗಿಲ ಮೇಲೆ ಭದ್ರತಾ ಕೊಠಡಿ ಅಂತ ಬರೆಸುತ್ತೇನೆ, ಆಗಬಹುದಾ.

ಅವ್ವ ಆ ಮಾತನ್ನು ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿದಳು. "ಭದ್ರತಾ ಕೊಠಡಿ. ಕೇಳೋಕೆ ಚೆನ್ನಾಗಿದೆ ಮೇಷ್ಟ್ರೇ. ನಡೀರೇ ಹೋಗೋಣ."

ಮರುದಿನ ಉದ್ಘಾಟನೆ. ದೊಡ್ಡ ಗೇಟಿಗೆ ಅಡ್ಡವಾಗಿ ವೇದಿಕೆ ಕಟ್ಟಿದ್ದರು. ಹಾಗಾಗಿ ಬರುವವರೂ ಹೋಗುವವರೂ ನನ್ನ ಕೋಣೆಯ ಮೂಲಕವೇ ಹಾಯಬೇಕಿತ್ತು. ನೂರಿಪ್ಪತ್ತು ಜನ ಸೇರಿದ್ದರು. ಸಮಿತಿಯ ಅಧ್ಯಕ್ಷರು ಊರಿನ ದೊಡ್ಡ ಸಿಮೆಂಟ್ ಅಂಗಡಿಯವರು, ಮೈಕು ಸಿಕ್ಕರೆ ಬಿಡುವವರಲ್ಲ. ಮೊಮ್ಮಗ ಸಾಹೇಬರು ನಲವತ್ತರ ಆಸುಪಾಸಿನ, ತೊಳೆದಿಟ್ಟಂಥ ಮನುಷ್ಯ. ಈ ಮಿಲ್ಲು ಒಂದು ಕುಟುಂಬವಾಗಿತ್ತು, ನಮ್ಮ ತಾತನಿಗೆ ಪ್ರತಿ ಕೆಲಸಗಾರನೂ ಮಗನಿದ್ದಂತೆ ಅಂದರು. ಚಪ್ಪಾಳೆ ಬಿತ್ತು. ಹೆಂಗಸರು ಸಾಲಾಗಿ ವೇದಿಕೆ ಹತ್ತಿ, ಕಪ್ಪು ಇಸಿದುಕೊಂಡು, ಸಾಲಾಗಿ ಇಳಿದರು. ಫೋಟೋ ಆಯಿತು. ಅತಿಥಿಗಳು ಚಹಾ ಬಿಸ್ಕತ್ತಿನ ಕಡೆ ನಡೆದರು.

ಅವ್ವ ನನ್ನ ಹತ್ತಿರ ಬಂದು ಕೈ ಚಾಚಿದಳು. "ಬೆತ್ತದ ಪೆಟ್ಟಿಗೆಯ ಬೀಗದ ಕೈ ಕೊಡು."

ಗಾಜು ಒರೆಸುವವಳು ನಾನಾದ್ದರಿಂದ ಬೀಗದ ಕೈಗಳ ಗೊಂಚಲು ನನ್ನ ಸೊಂಟದಲ್ಲೇ ಇತ್ತು. ಕೊಟ್ಟರೆ ಕುರ್ಚಿ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಅವ್ವ ಕಾಯುತ್ತ ನಿಂತಳು. ಬೇಡಿಕೊಳ್ಳಲಿಲ್ಲ.

"ಕೊಡದಿದ್ರೂ ಬೇಜಾರಿಲ್ಲ. ಗಾಜು ಒಡೀತೀವಿ. ಆಮೇಲೆ ಗುಡಿಸೋಳು ನೀನೇ."

ಕೊಟ್ಟೆ.

ಚಹಾ ಮುಗಿಸಿ ಹೊರಟವರು ಬಾಗಿಲಿಗೆ ಬಂದಾಗ ಒಳಗೆ ಅವ್ವ ಬೆತ್ತ ಹಿಡಿದು ನಿಂತಿದ್ದಳು. ಉಳಿದ ಹತ್ತು ಜನ ಗೋಡೆಗುಂಟ ನಿಂತಿದ್ದರು. ಒಬ್ಬೊಬ್ಬರಾಗಿ ಬರಬೇಕು, ಕೈ ಮೇಲೆತ್ತಬೇಕು ಅಂತ ಗರಗಸ ಚಿಕ್ಕಮ್ಮ ಕೂಗಿದಳು. ಮೈಕಿನ ಅವಶ್ಯಕತೆ ಬೀಳಲಿಲ್ಲ.

ಎಲ್ಲರೂ ಇದು ಕಾರ್ಯಕ್ರಮದ ಭಾಗ ಅಂದುಕೊಂಡರು. ಮೊದಲು ಬಂದವರು ಅಧ್ಯಕ್ಷರೇ. ನಗುತ್ತ ಕೈ ಎತ್ತಿದರು, ಫೋಟೋದವನನ್ನು ಕರೆದರು. ಚಪ್ಪಲಿ ಕಳಚಿ ಅಂದರೆ ಕಳಚಿದರು. ಜೇಬು ಖಾಲಿ ಮಾಡಿ ಅಂದರೆ ಮಾಡಿದರು. ಕಾಗದದಲ್ಲಿ ಸುತ್ತಿದ ಹನ್ನೆರಡು ಬಿಸ್ಕತ್ತು ಹೊರಬಂದವು. ಮೊಮ್ಮಕ್ಕಳಿಗೆ ಅಂದರು. ಹಿಂದಿನ ಸಾಲೆಲ್ಲ ಗೊಳ್ ಅಂದಿತು. ಅವ್ವ ಬಿಸ್ಕತ್ತನ್ನು ಅವರ ಕೈಗೇ ವಾಪಸ್ ಕೊಟ್ಟು, ಬಾಯಿ ತೆಗೀರಿ ಅಂದಳು. ಅಧ್ಯಕ್ಷರ ನಗು ಅಲ್ಲಿಗೆ ನಿಂತಿತು. ಆದರೂ ತೆರೆದರು.

ಬೆತ್ತ ಯಾರ ಮೈಗೂ ತಾಗಲಿಲ್ಲ. ಕಂಕುಳ ಹತ್ತಿರ ಹೋಯಿತು, ಎದೆಯ ಹತ್ತಿರ ಬಂತು, ಸೊಂಟದ ಸುತ್ತ ತಿರುಗಿತು, ಎಲ್ಲ ಒಂದು ಬೆರಳಿನಷ್ಟು ದೂರದಲ್ಲಿ. ತಾಗದಿದ್ದರೂ ಜನ ಹಿಂದಕ್ಕೆ ಬಾಗುತ್ತಿದ್ದರು. ಮೂರನೆಯವರು ಹೈಸ್ಕೂಲಿನ ಮೇಡಂ. ಬೆತ್ತ ಹೊಟ್ಟೆಯ ಮುಂದೆ ಬಂದಾಗ ಅವರ ಮುಖದ ನಗು ಎಲ್ಲಿ ಹೋಯಿತೋ. ದಿನಾ ಹೀಗೇನಾ ಅಂತ ಮೆಲ್ಲಗೆ ಕೇಳಿದರು. ದಿನಾ ಅಂದಳು ಅವ್ವ, ಭಾನುವಾರ ಬಿಟ್ಟು. ಮೇಡಂ ಹೊರಗೆ ಹೋದವರು ಮನೆಗೆ ಹೋಗಲಿಲ್ಲ. ರಸ್ತೆಯ ಆಚೆ ನಿಂತರು. ಅವರ ಹಿಂದೆ ಬಂದವರೂ ಅವರ ಪಕ್ಕ ಹೋಗಿ ನಿಂತರು.

ಒಂಬತ್ತನೆಯವರು ಮೊಮ್ಮಗ ಸಾಹೇಬರು. ಕೈ ಎತ್ತಲಿಲ್ಲ. ಮೇಷ್ಟ್ರ ಕಡೆ ತಿರುಗಿ ಇದೇನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಮೇಷ್ಟ್ರು ಬೆವರು ಒರೆಸಿಕೊಂಡರು. ಅವ್ವ ಬೆತ್ತ ಕೆಳಗಿಳಿಸಿ, "ಕೈ ಎತ್ತಿ ಸ್ವಾಮಿ, ಎಲ್ಲರೂ ಎತ್ತಿದ್ದಾರೆ," ಅಂದಳು.

"ದಾರಿ ಬಿಡಿ. ನಾನು ಎತ್ತಲ್ಲ. ಇದು ಅವಮಾನ."

"ಹೂಂ," ಅಂದಳು ಅವ್ವ. "ಅದೇ. ನಿನ್ನೆಯಿಂದ ಆ ಮಾತೇ ಹುಡುಕ್ತಾ ಇದ್ವಿ. ಮೇಷ್ಟ್ರು ಭದ್ರತೆ ಅಂದ್ರು, ನಮಗೆ ಒಗ್ಗಲಿಲ್ಲ. ಬರ್ಕೊಳ್ಳಿ ಮೇಷ್ಟ್ರೇ, ಸಾಹೇಬ್ರು ಸರಿಯಾದ ಹೆಸರು ಹೇಳಿದ್ರು."

ಸಾಹೇಬರು ಕೆಂಪಾದರು. ನಮ್ಮನ್ನು ಕಳ್ಳರು ಅಂದುಕೊಂಡಿದ್ದೀರಾ ಅಂತ ಕೇಳಿದರು. ಇನ್ನೂರು ಹೆಂಗಸರು ಅಷ್ಟು ವರ್ಷ ಅದೇ ಪ್ರಶ್ನೆಯನ್ನು ನುಂಗಿಕೊಂಡೇ ಈ ಬಾಗಿಲು ದಾಟಿದ್ದರು. ಅದಕ್ಕೆ ಅವ್ವ ಹೊಸದಾಗಿ ಏನು ಹೇಳಬೇಕಿತ್ತು?

ಅವರು ಆ ಬಾಗಿಲಿನಿಂದ ಹೋಗಲೇ ಇಲ್ಲ. ವೇದಿಕೆ ಬಿಚ್ಚಿಸಿ ದೊಡ್ಡ ಗೇಟು ತೆಗೆಸಿದರು. ನಾಲ್ಕು ಆಳುಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಒಬ್ಬರೇ ತಾತನ ಫೋಟೋದ ಕೆಳಗೆ ಕೂತಿದ್ದರು. ಗರಗಸ ಚಿಕ್ಕಮ್ಮ ಪಾಪ ಅನ್ನಿಸಿ ತನ್ನ ಹೊಸ ಕಪ್ಪಿನಲ್ಲಿ ಅವರಿಗೆ ಚಹಾ ಕೊಟ್ಟು ಬಂದಳು. ಅವರು ಕುಡಿಯಲಿಲ್ಲ. ಅವಳೇ ಕುಡಿದಳು.

ಮರುದಿನ ನನ್ನ ಕೆಲಸ ಹೋಯಿತು. ನಂಬಿಕೆದ್ರೋಹ ಅಂತ ಪತ್ರದಲ್ಲಿ ಬರೆದಿದ್ದರು. ಬೀಗದ ಕೈ ವಾಪಸ್ ಕೊಟ್ಟು, ಮತ್ತೆ ಆಸ್ಪತ್ರೆಯ ನೆಲ ಒರೆಸಲು ಹೋದೆ. ಅವ್ವನ ಮೇಲೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಕುರ್ಚಿ ನೆನಪಾಗುತ್ತಿತ್ತು. ಬೆನ್ನಿಗೆ ಅದು ಬಹಳ ಒಗ್ಗಿತ್ತು.

ಆದರೆ ಕೈ ಎತ್ತಿ, ಬಾಯಿ ತೆರೆದು ನಿಂತ ಅಧ್ಯಕ್ಷರ ಫೋಟೋ ಪೇಪರಿನಲ್ಲಿ ಬಂದುಬಿಟ್ಟಿತು. ಫೋಟೋದವನನ್ನು ಅವರೇ ಕರೆದಿದ್ದರಲ್ಲ. ಮ್ಯೂಸಿಯಮ್ಮಿಗೆ ಬಂದವರೆಲ್ಲ ಗರಗಸ ಕೇಳಲಿಲ್ಲ, ಮಾಲೀಕರ ಮೇಜು ಕೇಳಲಿಲ್ಲ, ತಡಕೋ ಕೋಣೆ ಯಾವುದು ಅಂತ ಕೇಳತೊಡಗಿದರು. ಹೈಸ್ಕೂಲಿನ ಮೇಡಂ ಮಕ್ಕಳನ್ನು ಕರೆತಂದು, ಬಾಗಿಲಲ್ಲೇ ನಿಂತು, ಬೋರ್ಡು ಎಲ್ಲಿ ಅಂತ ವಿಚಾರಿಸಿ, ಇಲ್ಲ ಅಂದಾಗ ಒಳಗೆ ಹೋಗದೆ ವಾಪಸ್ ಕರೆದುಕೊಂಡು ಹೋದರಂತೆ. ಇನ್ನೊಂದು ಶಾಲೆಯವರೂ ಹಾಗೇ ಮಾಡಿದರು.

ಹತ್ತೊಂಬತ್ತನೇ ದಿನ ಮೇಷ್ಟ್ರು ಹೊಟ್ಟಿನ ಸಾಲಿಗೆ ಬಂದರು. ಅಷ್ಟು ವರ್ಷ ನಮ್ಮ ಇತಿಹಾಸ ಹುಡುಕಿದವರು ನಮ್ಮ ಬೀದಿಗೆ ಬಂದದ್ದು ಅದೇ ಮೊದಲು. ನಮ್ಮ ಮನೆಯ ಹೊಸ್ತಿಲ ಮೇಲೆ ಕೂತರು, ಹನ್ನೊಂದೂ ಹೆಂಗಸರು ಸುತ್ತ ಸೇರಿದರು. ಕೈಯಲ್ಲಿ ಎರಡು ಹಾಳೆ. ಬೋರ್ಡಿನ ಬರಹ ತಯಾರಿಸಿದ್ದರು. ಸಮಿತಿ ಒಪ್ಪದಿದ್ದರೆ ನಾನೂ ಮ್ಯೂಸಿಯಂ ಬಿಡುತ್ತೇನೆ ಅಂತ ಹೇಳಿ ಬಂದಿದ್ದೇನೆ ಅಂದರು. ಓದತೊಡಗಿದರು. ಅಂದಿನ ಕೈಗಾರಿಕಾ ವ್ಯವಸ್ಥೆಯ ಹಿನ್ನೆಲೆಯಲ್ಲಿ ಅಂತ ಶುರುವಾಯಿತು. ಅವ್ವ ಕೈ ಅಡ್ಡ ಹಿಡಿದು, ಅದು ಬೇಡ ಅಂದಳು. ಮುಂದಿನ ಸಾಲು ಓದಿದರು. ಅದೂ ಬೇಡ. ಅನಿವಾರ್ಯವಾಗಿ ಅನ್ನುವ ಮಾತು ಬಂದಾಗ ಹನ್ನೊಂದೂ ಜನ ಒಟ್ಟಿಗೆ ಬೇಡ ಅಂದರು. ಎರಡು ಹಾಳೆ ಮುಗಿದಾಗ ಉಳಿದದ್ದು ಮೂರು ಸಾಲು.

ಈಗ ಆ ಮೂರು ಸಾಲು ಬಾಗಿಲ ಮೇಲಿದೆ. ಈ ಕೋಣೆಯಲ್ಲಿ ದಿನಾ ಸಂಜೆ ಹೆಂಗಸರ ಮೈ ತಡಕುತ್ತಿದ್ದರು. ಬೆತ್ತ ಇದೇ. ಇದು ಅವಮಾನ.

ನನ್ನನ್ನು ವಾಪಸ್ ಕರೆದರು. ಆ ಕೋಣೆಯಲ್ಲಿ ಕೂರುವುದಿಲ್ಲ ಅಂದೆ. ಮೇಜು ಕುರ್ಚಿಯನ್ನು ಹೊರಗಿನ ಚಾವಣಿಯ ಕೆಳಗೆ ಹಾಕಿಕೊಟ್ಟರು. ಫ್ಯಾನಿಲ್ಲ. ಪರವಾಗಿಲ್ಲ, ಗಾಳಿ ಚೆನ್ನಾಗಿ ಬರುತ್ತದೆ. ಹಳದಿ ಬಣ್ಣ ಕೆರೆಸಿದರು. ಒಳಗೆ ಬೆತ್ತ ಬಿಟ್ಟರೆ ಬೇರೆ ಏನೂ ಇಲ್ಲ. ಭಾನುವಾರ ಹೆಂಗಸರಲ್ಲಿ ಇಬ್ಬರು ಮೂವರು ಬಂದು ಅಲ್ಲಿ ನಿಂತು, ನೋಡಲು ಬಂದವರೊಂದಿಗೆ ಮಾತಾಡುತ್ತಾರೆ.

ಮೊನ್ನೆ ಭಾನುವಾರ ಪಟ್ಟಣದಿಂದ ಒಬ್ಬ ಹೆಂಗಸು ಬಂದಿದ್ದರು. ಒಳ್ಳೆಯವರು. ಎಲ್ಲ ಕೇಳಿಸಿಕೊಂಡು ಕಣ್ಣು ಒರೆಸಿಕೊಂಡರು. ಅವ್ವನ ಕೈ ಹಿಡಿದು, "ಛೆ, ಒಂದು ಚಕ್ಕೇನೂ ಮುಟ್ಟದವರನ್ನ ಹೀಗೆ ಅನುಮಾನಿಸಿದ್ರಲ್ಲ," ಅಂದರು.

"ಯಾರು ಮುಟ್ಟಲಿಲ್ಲ ಅಂದಿದ್ದು?" ಅಂದಳು ಅವ್ವ. "ದಿನಾ ಒಯ್ತಿದ್ವಿ."

ಹೊರಗೆ ಟಿಕೆಟ್ ಹರಿಯುತ್ತಿದ್ದ ನನ್ನ ಕೈ ನಿಂತಿತು. ಪಕ್ಕದಲ್ಲಿದ್ದ ಮೇಷ್ಟ್ರ ಬಾಯಿ ತಾನಾಗಿಯೇ ತೆರೆಯಿತು. ಅವ್ವ ತನ್ನ ತಲೆ ತೋರಿಸಿದಳು. ಹೊರೆ ಹೊರಲು ತಲೆಯ ಮೇಲೆ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಿದ್ದ ಸಿಂಬಿಯೊಳಗೆ ಚಕ್ಕೆ ಇಟ್ಟು ತರುತ್ತಿದ್ದರಂತೆ. ಅದು ಬೆವರು, ಎಣ್ಣೆ, ಮರದ ಅಂಟು ಎಲ್ಲ ಕುಡಿದು ಗಬ್ಬು ನಾರುತ್ತಿತ್ತು. ಮೈಯೆಲ್ಲ ತಡಕುವ ಮೀಸೆಯವನಿಗೆ ಹೊಟ್ಟಿನೋರ ತಲೆಬಟ್ಟೆ ಮಾತ್ರ ಅಸಹ್ಯ. ಬೆತ್ತದಿಂದಲೂ ಮುಟ್ಟುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ.

ನನಗೆ ಇದ್ಯಾಕೆ ಇಷ್ಟು ದಿನ ಹೇಳಲಿಲ್ಲ ಅಂತ ಕೇಳಿದೆ.

"ನೀನು ಉಂಡು ಬೆಳೆದಿದ್ದೆಲ್ಲ ಯಾವ ಬೆಂಕೀಲಿ ಬೆಂದಿದ್ದು ಅಂದ್ಕೊಂಡಿದ್ದೆ?"

ಗರಗಸ ಚಿಕ್ಕಮ್ಮನಿಗೆ ಸಿಟ್ಟು ಬಂತು. ಮೊದಲ ಸಲ ಅವಳ ದನಿ ಸಣ್ಣದಾದದ್ದನ್ನು ಕೇಳಿದೆ. ಇದನ್ನ ಯಾಕೆ ಬಾಯಿಬಿಟ್ಟೆ, ಕಳ್ಳಿಯರು ಅಂತ ಗೊತ್ತಾದರೆ ಬೋರ್ಡು ಕಿತ್ತುಹಾಕುತ್ತಾರೆ ಅಂತ ಅಕ್ಕನ ಕಿವಿಯಲ್ಲಿ ಗೊಣಗಿದಳು.

ಅವ್ವ ಮೇಷ್ಟ್ರ ಕಡೆ ತಿರುಗಿದಳು.

"ಜಾಗ ಇದ್ರೆ ಅದನ್ನೂ ಕೆಳಗೆ ಬರೆಸಿಬಿಡಿ ಮೇಷ್ಟ್ರೇ," ಅಂದಳು. "ನಮ್ಮ ಹೆಸರು ಹಾಕಿ."